ಜಾತ್ರೆ ಕಸದಿಂದ ರಸ್ತೆ, ಅಂಗಳಕ್ಕೆ ಇಂಟರ್‌ಲಾಕ್: ಆ ವಿಡಿಯೊದಲ್ಲಿ ನಿಜ ಎಷ್ಟು?

ಸೊರಬದ ಕಡೆ ಇರುವ ನನ್ನ ಚಿಕ್ಕಮ್ಮನ ಮಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಕಳಿಸಿದ್ದ. ಅರ್ಧ ಕತ್ತರಿಸಿದ ಕಬ್ಬಿಣದ ಡ್ರಮ್, ಅದರ ಕೆಳಗೆ ಸೌದೆ ಉರಿ, ಒಳಗೆ ಕೊತಕೊತ ಕುದಿಯುವ ಪ್ಲಾಸ್ಟಿಕ್. ಒಬ್ಬಾತ ಅದಕ್ಕೆ ಮರಳು ಸುರಿದು ಕೋಲಿನಿಂದ ತಿರುವುತ್ತಾನೆ, ಅಚ್ಚಿಗೆ ಹಾಕಿ ಒತ್ತುತ್ತಾನೆ, ನೋಡನೋಡುತ್ತಲೇ ಅಂಗಳಕ್ಕೆ ಹಾಸುವ ಇಂಟರ್‌ಲಾಕ್ ಬ್ಲಾಕ್ ರೆಡಿ. ಜೊತೆಗಿದ್ದ ಬರಹದ ಸಾರ ಇಷ್ಟು: ಪ್ಲಾಸ್ಟಿಕ್‌ನಿಂದ ಮಾಡಿದ ರಸ್ತೆಗೆ ಗುಂಡಿಯೇ ಬೀಳುವುದಿಲ್ಲ, ಸರ್ಕಾರ ಎಲ್ಲ ರಸ್ತೆಗೂ ಇದನ್ನು ಕಡ್ಡಾಯ ಮಾಡಿದೆ, ಇನ್ನು ಮುಂದೆ ಪ್ಲಾಸ್ಟಿಕ್ ಕಸವೇ ಅಲ್ಲ.

ಅದರ ಬೆನ್ನಿಗೇ ಅವನ ಪ್ರಶ್ನೆ ಬಂತು. “ಅಕ್ಕಾ, ಚಂದ್ರಗುತ್ತಿ ಜಾತ್ರೆ ಮುಗಿದ ಮೇಲೆ ಗುಡ್ಡದ ಬುಡದಲ್ಲಿ ರಾಶಿ ಕವರ್ ಬಿದ್ದಿರ್ತದಲ್ಲ. ನಾವು ನಾಲ್ಕು ಜನ ಹುಡುಗರು ಸೇರಿ ಆರಿಸಿ ತಂದು ಹೀಗೆ ಮಾಡಿದ್ರೆ ಹೆಂಗೆ? ಡ್ರಮ್ ಮನೇಲೇ ಇದೆ.”

ಫಾರ್ವರ್ಡ್ ಸುಳ್ಳು ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ಸುಳ್ಳಲ್ಲ. ಪ್ಲಾಸ್ಟಿಕ್ ಬಳಸಿದ ಡಾಂಬರು ರಸ್ತೆ ನಿಜವಾದ ತಂತ್ರಜ್ಞಾನ, ಅದರಲ್ಲಿ ಕರ್ನಾಟಕದ ಪಾಲೂ ಇದೆ. ತೊಂದರೆ ಏನೆಂದರೆ, ರಸ್ತೆಯ ಬಗೆಗಿನ ನಿಜವನ್ನು ಡ್ರಮ್ಮಿನ ವಿಡಿಯೊಗೆ ಅಂಟಿಸಿ ಕಳಿಸಿದ್ದಾರೆ. ಎರಡೂ ಬೇರೆ ಬೇರೆ ಕೆಲಸ. ಒಂದು ಎಂಜಿನಿಯರುಗಳು ಪರೀಕ್ಷಿಸಿದ್ದು, ಇನ್ನೊಂದು ಆಸ್ಪತ್ರೆಗೆ ಕಳಿಸಬಹುದಾದದ್ದು.

ರಸ್ತೆಯೊಳಗೆ ಪ್ಲಾಸ್ಟಿಕ್ ಎಲ್ಲಿರುತ್ತದೆ?

ಮೊದಲಿಗೆ ಒಂದು ಮಾತು. ‘ಪ್ಲಾಸ್ಟಿಕ್ ರಸ್ತೆ’ ನೋಡಲು ಮಾಮೂಲಿ ಕಪ್ಪು ಡಾಂಬರು ರಸ್ತೆಯ ಹಾಗೇ ಇರುತ್ತದೆ. ಫಾರ್ವರ್ಡ್‌ಗಳಲ್ಲಿ ಬರುವ, ಒಳಗೆ ಟೊಳ್ಳಾದ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಜೋಡಿಸಿದ ರಸ್ತೆಯ ಚಿತ್ರ ನೆದರ್ಲೆಂಡ್ಸ್‌ನ ಜ್ವೊಲ್ಲೆ ಎಂಬ ಊರಿನದ್ದು. 2018ರಲ್ಲಿ ಅಲ್ಲಿ ಸೈಕಲ್ ಓಡಿಸಲು ಮಾಡಿದ 30 ಮೀಟರ್ ಉದ್ದದ ಪ್ರಯೋಗ ಅದು. ನಮ್ಮಲ್ಲಿ ನಡೆಯುವುದು ಬೇರೆ.

ಡಾಂಬರು ರಸ್ತೆ ಎಂದರೆ ಜಲ್ಲಿ ಮತ್ತು ಅದನ್ನು ಹಿಡಿದಿಡುವ ಡಾಂಬರು. ನಮ್ಮ ಒಣ ವಿಧಾನದಲ್ಲಿ ಜಲ್ಲಿಯನ್ನು ಹಾಟ್‌ಮಿಕ್ಸ್ ಪ್ಲಾಂಟಿನಲ್ಲಿ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆ ಬಿಸಿ ಜಲ್ಲಿಯ ಮೇಲೆ ಅಕ್ಕಿನುಚ್ಚಿನಷ್ಟು ಸಣ್ಣಗೆ ಕತ್ತರಿಸಿದ ತೆಳು ಪ್ಲಾಸ್ಟಿಕ್ ಚೂರುಗಳನ್ನು ಉದುರಿಸಿದರೆ, ಒಂದು ನಿಮಿಷದೊಳಗೆ ಅವು ಕರಗಿ ಪ್ರತಿ ಕಲ್ಲಿಗೂ ಎಣ್ಣೆ ಸವರಿದ ಹಾಗೆ ಅಂಟಿಕೊಳ್ಳುತ್ತವೆ. ಆಮೇಲೆ ಬಿಸಿ ಡಾಂಬರು ಬೆರೆಸುತ್ತಾರೆ. ಪ್ಲಾಸ್ಟಿಕ್ ಇರುವುದು ಕಲ್ಲಿಗೂ ಡಾಂಬರಿಗೂ ನಡುವಿನ ಆ ಪದರದಲ್ಲಿ.

ಅಷ್ಟರಿಂದ ಲಾಭವೇನು? ಇದನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ. ಮಳೆಗಾಲದಲ್ಲಿ ನಮ್ಮ ರಸ್ತೆಗಳು ಹಾಳಾಗುವ ಒಂದು ಮುಖ್ಯ ದಾರಿ ಎಂದರೆ, ನೀರು ಸೂಕ್ಷ್ಮ ಬಿರುಕುಗಳಿಂದ ಇಳಿದು ಕಲ್ಲಿನ ಮೈಗಂಟಿದ ಡಾಂಬರನ್ನು ಸುಲಿಯುವುದು. ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೇ ಒಲವು ಹೆಚ್ಚು. ಹಿಡಿತ ತಪ್ಪಿದ ಜಲ್ಲಿ ಟೈರಿಗೆ ಸಿಕ್ಕಿ ಹಾರುತ್ತದೆ, ಅಲ್ಲೊಂದು ಗುಂಡಿ ಹುಟ್ಟುತ್ತದೆ. ಕಲ್ಲಿಗೆ ಮೊದಲೇ ಪ್ಲಾಸ್ಟಿಕ್ ಲೇಪ ಇದ್ದರೆ ನೀರಿಗೆ ಅಷ್ಟು ಸುಲಭವಾಗಿ ಜಾಗ ಸಿಗುವುದಿಲ್ಲ, ಡಾಂಬರೂ ಗಟ್ಟಿಯಾಗಿ ಕೂರುತ್ತದೆ.

ಈ ವಿಧಾನವನ್ನು ರೂಪಿಸಿದವರು ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಆರ್. ವಾಸುದೇವನ್. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 2000ದ ದಶಕದ ಆರಂಭದಲ್ಲಿ, ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು ಇದೇ ದಿಕ್ಕಿನಲ್ಲಿ ಕೆಲಸ ಶುರುಮಾಡಿದ್ದರು. ಚೀಲ ಮಾಡುವವರೇ ಅದರ ಕಸಕ್ಕೂ ದಾರಿ ಹುಡುಕಲು ಹೊರಟದ್ದು ನನಗೆ ಈ ಕಥೆಯಲ್ಲಿ ಇಷ್ಟವಾದ ಭಾಗ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್ 2002ರಲ್ಲಿ ಇಂಥ ಮಿಶ್ರಣವನ್ನು ಪರೀಕ್ಷಿಸಿ, ಡಾಂಬರಿನ ತೂಕದ ಶೇ 8ರಷ್ಟು ಪ್ಲಾಸ್ಟಿಕ್ ಸೇರಿಸಿದಾಗ ಒಳ್ಳೆಯ ಫಲ ಬರುತ್ತದೆ ಎಂದು ತೋರಿಸಿದರು. ನಿಮ್ಮ ಮನೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರಿದ್ದರೆ ಕೇಳಿ ನೋಡಿ, ‘ಖನ್ನಾ-ಜಸ್ಟೊ’ ಪಠ್ಯಪುಸ್ತಕದ ಜಸ್ಟೊ ಅವರೇ ಇವರು.

ಹಾಗಾದರೆ ಗುಂಡಿ ಬೀಳುವುದೇ ಇಲ್ಲವೇ? ಚೆನ್ನೈನ ಜಂಬುಲಿಂಗಂ ರಸ್ತೆ ಸೇರಿ ತಮಿಳುನಾಡಿನ ಕೆಲವು ಆರಂಭದ ಪ್ಲಾಸ್ಟಿಕ್ ರಸ್ತೆಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅಧ್ಯಯನ ಮಾಡಿಸಿ 2008ರಲ್ಲಿ ವರದಿ ಪ್ರಕಟಿಸಿತು. ಹಲವು ವರ್ಷ ಕಳೆದರೂ ಅವು ಒಳ್ಳೆಯ ಸ್ಥಿತಿಯಲ್ಲೇ ಇದ್ದವು. ಇದು ಫಾರ್ವರ್ಡ್‌ನ ಪರವಾದ ಸಾಕ್ಷಿ, ಒಪ್ಪೋಣ. ಆದರೆ ಪ್ಲಾಸ್ಟಿಕ್ ಕಾಪಾಡುವುದು ಮೇಲಿನ ಒಂದು ಪದರವನ್ನು ಮಾತ್ರ. ಪಕ್ಕದ ಚರಂಡಿ ಮುಚ್ಚಿ ನೀರು ರಸ್ತೆಯ ಬುಡಕ್ಕೇ ಇಳಿದರೆ, ಅಡಿಯ ಮಣ್ಣು ಮೆತ್ತಗಾಗಿ ಕುಸಿದರೆ, ಮೇಲಿನ ಪದರಕ್ಕೆ ಏನು ಬೆರೆಸಿದ್ದರೂ ಅದು ಬಿರಿಯುತ್ತದೆ. ಒಂದು ಮಳೆಗಾಲಕ್ಕೇ ಎದ್ದುಹೋದ ರಸ್ತೆಗಳ ಮುಂದೆ ನಿಂತು ನೋಡಿ. ಹೆಚ್ಚಿನ ಕಡೆ ಮೊದಲು ಕಾಣುವುದು ಕಟ್ಟಿಕೊಂಡ ಚರಂಡಿ.

ಇದಕ್ಕೆ ಉಲ್ಟಾ ಫಾರ್ವರ್ಡ್ ಕೂಡ ಓಡಾಡುತ್ತದೆ: ಬೇಸಿಗೆಯಲ್ಲಿ ಪ್ಲಾಸ್ಟಿಕ್ ರಸ್ತೆ ಕರಗಿ ಬೈಕ್ ಜಾರುತ್ತದಂತೆ. ಅದೂ ಸರಿಯಲ್ಲ. ಉರಿಬಿಸಿಲಿನಲ್ಲಿ ರಸ್ತೆಯ ಮೈ 60-65 ಡಿಗ್ರಿ ಮುಟ್ಟಬಹುದು. ಕವರ್‌ಗಳ ಪಾಲಿಥೀನ್ ಮೆತ್ತಗಾಗುವುದಕ್ಕೆ 110 ಡಿಗ್ರಿ ದಾಟಬೇಕು. ಆ ಬಿಸಿಲಿಗೆ ಮೊದಲು ಮೆತ್ತಗಾಗುವುದು ಡಾಂಬರೇ.

ರಸ್ತೆ ಎಷ್ಟು ಕವರ್ ತಿನ್ನುತ್ತದೆ? ಲೆಕ್ಕ ಹಾಕೋಣ

ಇಲ್ಲಿಂದ ಮುಂದಿನದು ನನಗೂ ಆಶ್ಚರ್ಯ ತಂದ ಭಾಗ. ಭಾರತೀಯ ರಸ್ತೆ ಕಾಂಗ್ರೆಸ್ 2013ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ಪ್ಲಾಸ್ಟಿಕ್ ಡಾಂಬರಿನ ತೂಕದ ಶೇ 6ರಿಂದ 8ರಷ್ಟು. ರಸ್ತೆಯ ತೂಕದ ಶೇ 8 ಅಲ್ಲ, ಡಾಂಬರಿನ ತೂಕದ್ದು.

ಹಳ್ಳಿಯಿಂದ ಹಳ್ಳಿಗೆ ಹೋಗುವ ಒಂಟಿ ಪಥದ ರಸ್ತೆ ತೆಗೆದುಕೊಳ್ಳಿ. ಅಗಲ 3.75 ಮೀಟರ್, ಮೇಲೆ ಹೊಸದಾಗಿ ಹಾಕುವ ಡಾಂಬರು ಪದರ 25 ಮಿಲಿಮೀಟರ್, ಉದ್ದ 1 ಕಿಲೋಮೀಟರ್. ಸುಮಾರು 94 ಘನ ಮೀಟರ್ ಆಯಿತು, ತೂಕ ಅಂದಾಜು 215 ಟನ್. ಅದರಲ್ಲಿ ಡಾಂಬರು ಶೇ 5 ಎಂದುಕೊಂಡರೆ ಹನ್ನೊಂದು ಟನ್ನಿಗೆ ಸ್ವಲ್ಪ ಕಡಿಮೆ. ಅದರ ಶೇ 8 ಎಂದರೆ ಸುಮಾರು 860 ಕಿಲೊ ಪ್ಲಾಸ್ಟಿಕ್. ಒಂದು ಕವರ್ 5 ಗ್ರಾಂ ತೂಗಿದರೆ ಒಂದು ಕಿಲೋಮೀಟರಿಗೆ ಒಂದೂ ಮುಕ್ಕಾಲು ಲಕ್ಷದ ಹತ್ತಿರ ಕವರ್!

ಫಾರ್ವರ್ಡ್‌ಗಳು ಈ ಲಕ್ಷದ ಲೆಕ್ಕದಲ್ಲೇ ನಿಲ್ಲುತ್ತವೆ. ಅದೇ ಲೆಕ್ಕವನ್ನು ಊರಿನ ಕಡೆಯಿಂದ ಹಾಕಿ ನೋಡಿ. ಉದಾಹರಣೆಗೆ ಒಂದು ಪಂಚಾಯಿತಿಯಲ್ಲಿ 1,500 ಮನೆ ಇವೆ, ಮನೆಗೆ ದಿನಕ್ಕೆ ಬರೀ 50 ಗ್ರಾಂ ತೆಳು ಪ್ಲಾಸ್ಟಿಕ್ ಎಂದುಕೊಳ್ಳೋಣ. ಹಾಲಿನ ಪೊಟ್ಟಣ, ಶಾಂಪೂ ಸ್ಯಾಶೆ, ಬಿಸ್ಕತ್ತಿನ ಹೊದಿಕೆ, ಅಂಗಡಿಯ ಕೊಟ್ಟೆ, ಎಲ್ಲ ಸೇರಿ. ದಿನಕ್ಕೆ 75 ಕಿಲೊ. ಆ ಪಂಚಾಯಿತಿಯಲ್ಲಿ 4 ಕಿಲೋಮೀಟರ್ ಡಾಂಬರು ರಸ್ತೆ ಇದ್ದು, ಐದು ವರ್ಷಕ್ಕೊಮ್ಮೆ ಮರುಡಾಂಬರೀಕರಣ ಆದರೆ, ವರ್ಷಕ್ಕೆ ರಸ್ತೆ ಬಳಸುವುದು ಸುಮಾರು 690 ಕಿಲೊ. ಅಂದರೆ ಊರಿನ ಒಂಬತ್ತು-ಹತ್ತು ದಿನದ ಕಸ ರಸ್ತೆಗೆ ಸಾಕು. ಉಳಿದ 355 ದಿನದ್ದು?

ಮನೆ, ರಸ್ತೆಗಳ ಸಂಖ್ಯೆ ನಾನು ಉದಾಹರಣೆಗೆ ಇಟ್ಟುಕೊಂಡದ್ದು. ನಿಮ್ಮ ಪಂಚಾಯಿತಿಯ ಅಂಕಿ ಹಾಕಿ ನೋಡಿ, ಉತ್ತರ ತುಸು ಹಿಗ್ಗಬಹುದು, ಕುಗ್ಗಬಹುದು. ಆದರೆ ‘ಪ್ಲಾಸ್ಟಿಕ್ ಇನ್ನು ಕಸವೇ ಅಲ್ಲ’ ಎನ್ನುವಷ್ಟು ಹಿಗ್ಗುವುದಿಲ್ಲ. ಇನ್ನೊಂದು ರೀತಿ ಹೇಳಬೇಕೆಂದರೆ, ಒಂದು ಕ್ವಿಂಟಾಲ್ ರಸ್ತೆ ಮಿಶ್ರಣದಲ್ಲಿ ಪ್ಲಾಸ್ಟಿಕ್ ಬರೀ 400 ಗ್ರಾಂ. ಅದೂ ಅಲ್ಲದೆ ಈಗ ಊರೊಳಗಿನ ಎಷ್ಟೋ ರಸ್ತೆಗಳು ಕಾಂಕ್ರೀಟಿನವು. ಸಿಸಿ ರಸ್ತೆಯಲ್ಲಿ ಡಾಂಬರೇ ಇಲ್ಲ, ಅಲ್ಲಿ ಈ ವಿಧಾನಕ್ಕೆ ಕೆಲಸವೂ ಇಲ್ಲ.

‘ಸರ್ಕಾರ ಎಲ್ಲ ರಸ್ತೆಗೂ ಕಡ್ಡಾಯ ಮಾಡಿದೆ’ ಎಂಬ ಸಾಲಿನ ಮೂಲ ಕೇಂದ್ರ ಹೆದ್ದಾರಿ ಸಚಿವಾಲಯದ 2015ರ ನವೆಂಬರ್ ಸುತ್ತೋಲೆ. ಅದು ಹೇಳಿದ್ದು 5 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಸುತ್ತ 50 ಕಿಲೋಮೀಟರ್ ಒಳಗಿನ ರಾಷ್ಟ್ರೀಯ ಹೆದ್ದಾರಿಗಳ ಬಗ್ಗೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ ಸುಮಾರು 3.22 ಲಕ್ಷ. ಚಂದ್ರಗುತ್ತಿಯ ರಸ್ತೆಗೆ ಆ ಸುತ್ತೋಲೆ ಅನ್ವಯಿಸುವುದು ದೂರದ ಮಾತು.

ಯಾವ ಪ್ಲಾಸ್ಟಿಕ್ ಹೋಗಬಾರದು

ಚಂದ್ರಗುತ್ತಿಗೆ ಹೋದವರಿಗೆ ಗೊತ್ತು. ರೇಣುಕಾಂಬೆಯ ಗುಹಾಲಯಕ್ಕೆ ಹತ್ತುವ ದಾರಿ, ಬುಡದಲ್ಲಿ ಹಣ್ಣುಕಾಯಿ, ಬಳೆ, ಅರಿಶಿನ ಕುಂಕುಮದ ಅಂಗಡಿ, ಬೆಂಡು ಬತ್ತಾಸು. ಜಾತ್ರೆ ಮುಗಿದ ಮೇಲೆ ಇಂಥ ಜಾಗದಲ್ಲಿ ಬಿದ್ದಿರುವ ರಾಶಿಯಲ್ಲಿ ಒಂದೇ ‘ಪ್ಲಾಸ್ಟಿಕ್’ ಇರುವುದಿಲ್ಲ, ಆರೇಳು ಬಗೆ ಇರುತ್ತದೆ. ನೀರಿನ ಬಾಟಲಿ ಪೆಟ್ ಪ್ಲಾಸ್ಟಿಕ್. ಅದು ಕರಗಲು 250 ಡಿಗ್ರಿ ಬೇಕು, ಬಿಸಿ ಜಲ್ಲಿಗೆ ಜಗ್ಗುವುದಿಲ್ಲ. ಅದಕ್ಕೆ ಗುಜರಿಯಲ್ಲಿ ಬೆಲೆಯೂ ಇದೆ, ರಸ್ತೆಗೆ ಹಾಕುವುದು ನಷ್ಟವೇ. ರಸ್ತೆಗೆ ನಿಜಕ್ಕೂ ಒಪ್ಪುವುದು ಗುಜರಿಯವರು ಮುಟ್ಟದ ತೆಳು ಕವರ್, ಚಿಪ್ಸ್-ಬಿಸ್ಕತ್ತಿನ ಹೊದಿಕೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳೂ ಇದನ್ನೇ ಹೇಳುತ್ತವೆ: ಮತ್ತೆ ಮರುಬಳಕೆ ಮಾಡಲಾಗದ ಪ್ಲಾಸ್ಟಿಕ್ಕಿಗೆ ರಸ್ತೆ ನಿರ್ಮಾಣದಲ್ಲಿ ಆದ್ಯತೆ.

ಆ ರಾಶಿಯಲ್ಲಿರುವ ನಿಜವಾದ ಖಳನಾಯಕ ಫ್ಲೆಕ್ಸ್. ಸ್ವಾಗತ ಕೋರುವ, ಹುಟ್ಟುಹಬ್ಬದ ಶುಭಾಶಯದ, ನಾಯಕರ ಮುಖದ ಬ್ಯಾನರ್‌ಗಳು ಸಾಮಾನ್ಯವಾಗಿ ಪಿವಿಸಿಯವು. ಪಿವಿಸಿಯೊಳಗೆ ಕ್ಲೋರಿನ್ ಇದೆ. ಬಿಸಿ ಜಲ್ಲಿಯ ಶಾಖಕ್ಕೇ ಅದು ಒಡೆದು ಹೈಡ್ರೋಜನ್ ಕ್ಲೋರೈಡ್ ಎಂಬ ಕಣ್ಣು, ಗಂಟಲು ಸುಡುವ ಅನಿಲ ಬಿಡತೊಡಗುತ್ತದೆ. ಉರಿದರೆ ಡಯಾಕ್ಸಿನ್‌ಗಳು ಹುಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಅತಿ ವಿಷಕಾರಿ ಎಂದು ಗುರುತಿಸಿರುವ, ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ದೇಹದಲ್ಲೇ ಉಳಿಯುವ ವಸ್ತುಗಳು ಅವು. ಹೀಗಾಗಿಯೇ ರಸ್ತೆಯ ಮಾರ್ಗಸೂಚಿಯಲ್ಲಿ ಪಿವಿಸಿಗೆ ಜಾಗವಿಲ್ಲ. ಪೊಟ್ಟಣ, ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದಲ್ಲ, 3 ಇದ್ದರೆ ಅದು ಪಿವಿಸಿ. 2 ಮತ್ತು 4 ಪಾಲಿಥೀನ್, 5 ಪಾಲಿಪ್ರೊಪಿಲೀನ್. ಫ್ಲೆಕ್ಸ್ ಮೇಲೆ ಅಂಕಿಯೂ ಇರುವುದಿಲ್ಲ.

ಬೇರ್ಪಡಿಸಿದ ಮೇಲೂ ಮಣ್ಣು, ಕುಂಕುಮ, ಅನ್ನದ ಅಗುಳು ಹೋಗುವಂತೆ ತೊಳೆಯಬೇಕು, ಒಣಗಿಸಬೇಕು, ಯಂತ್ರದಲ್ಲಿ ಕತ್ತರಿಸಬೇಕು, ಹಾಟ್‌ಮಿಕ್ಸ್ ಪ್ಲಾಂಟ್ ಇರುವಲ್ಲಿಗೆ ಸಾಗಿಸಬೇಕು. ಕಸವನ್ನು ರಸ್ತೆ ಮಾಡುವುದರಲ್ಲಿ ರಸ್ತೆಯ ಕೆಲಸ ಕೊನೆಯ ಒಂದು ನಿಮಿಷದ್ದು. ಉಳಿದದ್ದೆಲ್ಲ ಯಾರೋ ಕುಳಿತು, ಬಹುತೇಕ ಕಡೆ ಹೆಂಗಸರೇ, ಕೈಯಾರೆ ಆರಿಸುವ ಕೆಲಸ. ವಿಡಿಯೊಗಳಲ್ಲಿ ಅವರು ಕಾಣುವುದಿಲ್ಲ.

ಈಗ ಆ ಡ್ರಮ್ಮಿನ ವಿಷಯ

ಪ್ಲಾಸ್ಟಿಕ್-ಮರಳಿನ ಬ್ಲಾಕ್ ಕೂಡ ಕಟ್ಟುಕಥೆಯಲ್ಲ. ಕೀನ್ಯಾದ ನಜಾಂಬಿ ಮಾಟೀ ಎಂಬ ಯುವತಿ ನೈರೋಬಿಯಲ್ಲಿ ಇಂಥ ಬ್ಲಾಕ್ ತಯಾರಿಸುವ ಉದ್ಯಮ ಕಟ್ಟಿದ್ದಾರೆ. 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅವರನ್ನು ಯುವ ಪರಿಸರ ಸಾಧಕರಲ್ಲಿ ಒಬ್ಬರಾಗಿ ಗೌರವಿಸಿತು. ಆದರೆ ಅಲ್ಲಿ ಆಯ್ದ ಬಗೆಯ ಪ್ಲಾಸ್ಟಿಕ್ ಮಾತ್ರ ಬಳಸುತ್ತಾರೆ, ಕಾಯಿಸಿ ಬೆರೆಸುವುದಕ್ಕೆ ಯಂತ್ರವಿದೆ, ಒತ್ತುವುದಕ್ಕೆ ಪ್ರೆಸ್ ಇದೆ.

ಸೌದೆ ಉರಿಗೆ ಅಂಥ ಹಿಡಿತ ಇಲ್ಲ. ಡ್ರಮ್ಮಿನ ಮೇಲ್ಭಾಗದ ಪ್ಲಾಸ್ಟಿಕ್ ಇನ್ನೂ ಕರಗುತ್ತಿರುವಾಗಲೇ ತಳದ್ದು 300 ಡಿಗ್ರಿ ದಾಟಿರಬಹುದು. ಪಾಲಿಥೀನ್ ಕೂಡ 270 ಡಿಗ್ರಿ ದಾಟಿದರೆ ಒಡೆದು ಹೊಗೆಯಾಗತೊಡಗುತ್ತದೆ. ಆ ಹೊಗೆಗೇ ಬೆಂಕಿ ಹತ್ತಬಹುದು. ರಾಶಿಯಲ್ಲಿ ಥರ್ಮಾಕೋಲ್ ತಟ್ಟೆ ಇದ್ದರೆ ಸ್ಟೈರಿನ್ ಆವಿ, ಫ್ಲೆಕ್ಸ್ ತುಂಡು ಸೇರಿದ್ದರೆ ಮೇಲೆ ಹೇಳಿದ ಆಮ್ಲದ ಅನಿಲ. ಬಾಯಿಗೆ ಕಟ್ಟಿದ ಟವೆಲ್ಲಾಗಲಿ, ಬಟ್ಟೆ ಮಾಸ್ಕಾಗಲಿ ಅನಿಲವನ್ನು ತಡೆಯುವುದಿಲ್ಲ.

ಇದಕ್ಕಿಂತ ಹತ್ತಿರದ ಅಪಾಯ ಸುಟ್ಟಗಾಯ. ಬಿಸಿನೀರು ಬಿದ್ದರೆ ಹರಿದುಹೋಗುತ್ತದೆ. ಕರಗಿದ ಪ್ಲಾಸ್ಟಿಕ್ ಬಿದ್ದಲ್ಲೇ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಒದ್ದೆ ಕವರ್ ಬಿಸಿ ಡ್ರಮ್ಮಿಗೆ ಬಿದ್ದರೆ ನೀರು ಥಟ್ಟನೆ ಆವಿಯಾಗಿ ಪ್ಲಾಸ್ಟಿಕ್ ಮುಖಕ್ಕೇ ಸಿಡಿಯುತ್ತದೆ. ಎಲ್ಲಾದರೂ ಹೀಗಾದರೆ ಅಂಟಿದ ಪ್ಲಾಸ್ಟಿಕ್ಕನ್ನು ಕಿತ್ತು ತೆಗೆಯಬೇಡಿ, ಚರ್ಮವೂ ಅದರ ಜೊತೆ ಬರುತ್ತದೆ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಪೇಸ್ಟು, ಅರಿಶಿನ, ಎಣ್ಣೆ ಯಾವುದೂ ಬೇಡ.

ಇಷ್ಟೆಲ್ಲ ಮಾಡಿ ಬರುವ ಬ್ಲಾಕ್ ಹೇಗಿರುತ್ತದೆ? ಅಂಗಡಿಯಲ್ಲಿ ಸಿಗುವ ಕಾಂಕ್ರೀಟ್ ಇಂಟರ್‌ಲಾಕ್‌ಗೆ ಐಎಸ್ 15658 ಎಂಬ ಮಾನದಂಡವಿದೆ. 2006ರ ಆವೃತ್ತಿಯಲ್ಲಿ ವಾಹನ ಓಡಾಡದ ಜಾಗಕ್ಕೂ ಎಂ-30 ದರ್ಜೆ ಬೇಕು. ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 300 ಕಿಲೊ ಒತ್ತಡ ತಾಳಬೇಕು. ಡ್ರಮ್ಮಿನ ಬ್ಲಾಕಿನಲ್ಲಿ ಪ್ರತಿ ಸಲದ ಮಿಶ್ರಣ ಬೇರೆ, ಬಿಸಿ ಬೇರೆ. ಒಂದು ಗಟ್ಟಿ, ಪಕ್ಕದ್ದು ಬಿಸಿಲಿಗೆ ಬಿರುಸಾಗಿ ಪುಡಿ ಉದುರುವುದು. ನಮ್ಮ ಕಡೆ ಅಂಗಳ ಎಂದರೆ ಅಡಿಕೆ ಒಣಗಿಸುವ ಜಾಗ, ಮಕ್ಕಳು ಅಂಬೆಗಾಲಿಡುವ ಜಾಗ. ಅಲ್ಲಿ ಉದುರುವ ಪ್ಲಾಸ್ಟಿಕ್ ಪುಡಿಯನ್ನು ಗುಡಿಸಿ ಎಲ್ಲಿಗೆ ಹಾಕುತ್ತೀರಿ? ಮಳೆ ಬಂದರೆ ಅದು ತೋಟಕ್ಕೆ, ಹಳ್ಳಕ್ಕೆ, ಕೊನೆಗೆ ವರದಾ ನದಿಗೆ. ಈ ಪ್ರಶ್ನೆ ಡಾಂಬರು ರಸ್ತೆಗೂ ಇದೆ ಅನ್ನಿ. ಟೈರಿಗೆ ಸಿಕ್ಕಿ ರಸ್ತೆ ಸವೆದಾಗ ಪ್ಲಾಸ್ಟಿಕ್ಕಿನ ಕಣಗಳೂ ಹೊರಬರುತ್ತವೆ. ಅಲ್ಲಿ ಡಾಂಬರಿನ ಹೊದಿಕೆಯಾದರೂ ಇದೆ, ಡ್ರಮ್ಮಿನ ಬ್ಲಾಕಿಗೆ ಅದೂ ಇಲ್ಲ.

ಕಾನೂನಿನ ಮಾತನ್ನೂ ಸೇರಿಸಿಬಿಡುತ್ತೇನೆ. ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ. ‘ನಾವು ಸುಡ್ತಿಲ್ಲ, ಕರಗಿಸ್ತಿದ್ದೀವಿ’ ಎಂಬ ವಾದ ಡ್ರಮ್ಮಿನಿಂದ ಕಪ್ಪು ಹೊಗೆ ಏಳುವವರೆಗೆ ಮಾತ್ರ ನಿಲ್ಲುತ್ತದೆ.

ಹುಡುಗರು ಏನು ಮಾಡಬಹುದು

ಅವನಿಗೆ ಬರೀ ‘ಬೇಡ’ ಎಂದು ಹೇಳಿ ಬಿಡಲು ಮನಸ್ಸಾಗಲಿಲ್ಲ. ಜಾತ್ರೆ ಮುಗಿದ ಮೇಲೆ ಗುಡ್ಡದ ಬುಡಕ್ಕೆ ಹೋಗಿ ಕವರ್ ಆರಿಸೋಣ ಎನ್ನುವ ನಾಲ್ಕು ಹುಡುಗರು ಸಿಗುವುದೇ ಅಪರೂಪ.

ನಾನು ಹೇಳಿದ್ದು ಇಷ್ಟು. ಆರಿಸಿ, ಆದರೆ ಕರಗಿಸಬೇಡಿ. ಮೂರು ಚೀಲ ಹಿಡಿದು ಹೋಗಿ. ಒಂದರಲ್ಲಿ ಬಾಟಲಿ, ಅದು ಗುಜರಿಗೆ, ಟೀ ಖರ್ಚಿಗಾಯಿತು. ಒಂದರಲ್ಲಿ ತೆಳು ಕವರ್ ಮತ್ತು ಹೊದಿಕೆಗಳು. ಮೂರನೆಯದರಲ್ಲಿ ಫ್ಲೆಕ್ಸ್, ಥರ್ಮಾಕೋಲ್, ಚಪ್ಪಲಿ ಇತ್ಯಾದಿ. ಎರಡನೆಯ ಚೀಲವನ್ನು ಗ್ರಾಮ ಪಂಚಾಯಿತಿಗೆ ಒಯ್ದು ಕೊಡಿ, ತಗೊಳ್ಳಿ ಎಂದು ಕೇಳುವ ಹಕ್ಕು ನಿಮಗಿದೆ. 2016ರ ನಿಯಮಗಳು ಪ್ಲಾಸ್ಟಿಕ್ ಕಸದ ಹೊಣೆಯನ್ನು ನಗರಸಭೆಗಳಿಗಷ್ಟೇ ಬಿಡದೆ ಗ್ರಾಮ ಪಂಚಾಯಿತಿಗೂ ಹೊರಿಸಿವೆ. ಒಂದೇ ಪಂಚಾಯಿತಿಗೆ ಕತ್ತರಿಸುವ ಯಂತ್ರ, ಜಾಗ, ಸಾಗಣೆ ಭಾರವಾಗುತ್ತದೆ, ನಿಜ. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಹತ್ತಾರು ಗ್ರಾಮ ಪಂಚಾಯಿತಿಗಳ ಒಣಕಸ ಒಂದೇ ಕಡೆ ಬಂದು ಬೇರ್ಪಡುತ್ತದೆ. ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕ ಅದು. ಅಂಥಲ್ಲಿ ಬೇರ್ಪಟ್ಟು ಕಟ್ಟು ಕಟ್ಟಿದ ತೆಳು ಪ್ಲಾಸ್ಟಿಕ್ಕಿಗೆ ರಸ್ತೆಯೂ ಒಂದು ದಾರಿ, ಸಿಮೆಂಟ್ ಕಾರ್ಖಾನೆಯ ಗೂಡು ಇನ್ನೊಂದು. ಆ ಗೂಡಿನೊಳಗೆ 1,400 ಡಿಗ್ರಿಗೂ ಹೆಚ್ಚು ಬಿಸಿ ಇರುತ್ತದೆ, ಡ್ರಮ್ಮಿನ ಹಾಗೆ ಅರೆಬರೆ ಉರಿಯುವ ಮಾತಿಲ್ಲ.

ನಿಮ್ಮ ಊರಿನಲ್ಲಿ ರಸ್ತೆಗೆ ಮರುಡಾಂಬರು ಆಗುವಾಗ ‘ಇದರಲ್ಲಿ ಪ್ಲಾಸ್ಟಿಕ್ ಬಳಸ್ತಿದ್ದೀರಾ, ಎಷ್ಟು, ಎಲ್ಲಿಂದ ತಂದದ್ದು’ ಎಂದು ಕೇಳಿ ನೋಡಿ. ಗ್ರಾಮಸಭೆಯಲ್ಲೂ ಕೇಳಬಹುದು. ಆ ವಿಡಿಯೊವನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ಡ್ರಮ್ಮಿನ ಭಾಗವನ್ನಾದರೂ ಕತ್ತರಿಸಿ ಬಿಡಿ.

ತಮ್ಮ ಓದಿ ಹೆಬ್ಬೆಟ್ಟು ಒತ್ತಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಮೆಸೇಜ್: “ಅಕ್ಕಾ, ಮೂರನೇ ಚೀಲದ್ದು ಎಲ್ಲಿಗೆ ಹಾಕೋದು? ಹೇಳ್ಲೇ ಇಲ್ಲ.”

ಸರಿಯಾದ ಪ್ರಶ್ನೆ. ಫ್ಲೆಕ್ಸ್ ಕಟ್ಟಿದವರೇ ಬಿಚ್ಚಿಕೊಂಡು ಹೋಗಬೇಕು ಎಂದು ಬರೆದೆ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಫ್ಲೆಕ್ಸಿಗೇ ನಿಷೇಧ ಇದೆ ಎಂಬುದನ್ನೂ ಬರೆದೆ. ಅವನು ಸುಮ್ಮನೆ ಒಂದು ಫೋಟೊ ಕಳಿಸಿದ. ಬಸ್‌ಸ್ಟ್ಯಾಂಡಿನ ಎದುರು, ಹೊಚ್ಚ ಹೊಸದು, ಹತ್ತು ಅಡಿ ಎತ್ತರ.